ಅಪ್ಪನ ಹೆಸರನ್ನು ವಾಪಸ್ ತರಲು ಹೋದ ದಿನ

ನನ್ನ ಅಪ್ಪನ ಹೆಸರನ್ನು ಒಂದೇ ಸಲಕ್ಕೆ ಹಿಡಿದುಕೊಂಡವರನ್ನು ನಾನು ಕಂಡಿಲ್ಲ. "ಏನಂದ್ರಿ?" ಎಂದು ಇನ್ನೊಮ್ಮೆ ಕೇಳಿಯೇ ಕೇಳುತ್ತಾರೆ. ನಾನು ಕಾಯುವುದೂ ಆ ಎರಡನೇ ಪ್ರಶ್ನೆಗೇ. ಬೇರೆಯವರಾಗಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದರೇನೋ, ನಾನು ಮಾತ್ರ ಸ್ಟೂಲು ಎಳೆದು ಕೂರಿಸಿ ಹೇಳುತ್ತೇನೆ. ನಿಬ್ರಾಸ್. ಅರಬ್ಬಿ ಹೆಸರು. ದೀಪ ಎಂದು ಅರ್ಥ. ಬಲ್ಬು ಕೊಳ್ಳಲು ನಮ್ಮ ಅಂಗಡಿಗೆ ಬಂದವರು ಈ ಹೆಸರಿನ ಚರಿತ್ರೆಯನ್ನೂ ಕಟ್ಟಿಸಿಕೊಂಡು ಹೋಗಲೇಬೇಕು. "ಇವನ ಅಂಗಡೀಲಿ ಬಲ್ಬಿಗೆ ಗ್ಯಾರಂಟಿ ಇಲ್ಲ, ಭಾಷಣಕ್ಕೆ ಗ್ಯಾರಂಟಿ" ಎಂದು ಪಕ್ಕದ ಟೈಲರು ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ ಬಿಡಿ. ಅವನ ಅಪ್ಪನ ಹೆಸರಿನವರು ನಮ್ಮ ಬೀದಿಯೊಂದರಲ್ಲೇ ಐದಾರು ಜನ ಇದ್ದಾರೆ.

ಹೆಸರು ಬಂದದ್ದು ನನ್ನ ತಾತನಿಂದ. ತಾತ ಹಡಗಿನಲ್ಲಿ ಅಡುಗೆಯವರು. ಅಲ್ಲಿ ಒಂದು ಹೆಸರು ಹಿಡಿದು ಕೂಗಿದರೆ ಅರ್ಧ ಹಡಗು ತಿರುಗಿ ನೋಡುತ್ತಿತ್ತಂತೆ, ಎಲ್ಲರದ್ದೂ ಅದೇ ನಾಲ್ಕು ಹೆಸರು. ನನಗೆ ಗಂಡುಮಗು ಹುಟ್ಟಿದರೆ ಕರೆದಾಗ ಅವನೊಬ್ಬನೇ ತಿರುಗುವಂತಹ ಹೆಸರಿಡುತ್ತೇನೆ ಎಂದು ತಾತ ಹಟ ಹಿಡಿದರು. ಯಾವುದೋ ಬಂದರಿನಲ್ಲಿ ಅರಬ್ಬಿ ಕಲಿಸುವ ಮುದಿ ಮೇಷ್ಟ್ರೊಬ್ಬರಿಗೆ ಹೊಟ್ಟೆ ತುಂಬ ಬಡಿಸಿ, ಅಪರೂಪದ್ದೊಂದು ಹೆಸರು ಹೇಳಿ ಎಂದು ದುಂಬಾಲು ಬಿದ್ದರು. ಮೇಷ್ಟ್ರು ಕೈ ತೊಳೆದುಕೊಂಡು ಬಂದು ಹೇಳಿದರಂತೆ: ಅರಬ್ಬಿಯಲ್ಲಿ ದೀಪಕ್ಕೆ ಪದಗಳಿಗೇನು ಬರವಿಲ್ಲ. ಸಿರಾಜ್ ಅಂದರೂ ದೀಪ, ಮಿಸ್ಬಾಹ್ ಅಂದರೂ ದೀಪ. ಅವನ್ನು ಮಕ್ಕಳಿಗೆ ಧಾರಾಳವಾಗಿ ಇಡುತ್ತಾರೆ. ನಿಬ್ರಾಸ್ ಮಾತ್ರ ಹೆಚ್ಚಾಗಿ ಪುಸ್ತಕದೊಳಗೇ ಉಳಿದುಬಿಟ್ಟ ಪದ. ಅರಬ್ಬಿಯ ನೆರೆಯ ಇನ್ನೂ ಹಳೆಯ ಭಾಷೆಯೊಂದರಿಂದ ಅದು ನಡೆದುಕೊಂಡು ಬಂತೆಂದು ಕೆಲವು ಪಂಡಿತರ ವಾದ. ತಾತ ಅಲ್ಲೇ "ಅದೇ ಇರಲಿ" ಎಂದರು.

ಇನ್ನೊಂದು ಮಾತು. ಹಳೆಯ ನಿಘಂಟುಗಳಲ್ಲಿ ಈ ಪದಕ್ಕೆ ಎರಡನೇ ಅರ್ಥವೂ ಇದೆಯಂತೆ: ಈಟಿಯ ಮೊನೆ. ನಾನು ಇದನ್ನು ಗಿರಾಕಿಗಳಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. "ದೀಪ ಮಾವನ ಪಾಲಿಗೆ ಹೋಯ್ತು, ಮೊನೆ ಇವರ ಮೂಗಿನ ತುದಿಗೆ ಬಂತು" ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುವುದುಂಟು. ನನ್ನ ಸಿಟ್ಟು ಅಷ್ಟು ಪ್ರಸಿದ್ಧ.

ಅಪ್ಪ ಹೆಸರಿಗೆ ತಕ್ಕ ಹಾಗೆಯೇ ಬದುಕಿದರು. ಅವರದು ಗ್ಯಾಸ್‌ಲೈಟ್ ರಿಪೇರಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ: ಸೀಮೆಎಣ್ಣೆ ತುಂಬಿ, ಪಂಪು ಹೊಡೆದು, ಬಟ್ಟೆಯ ಪುಟ್ಟ ಚೀಲದಂತಹ ಮ್ಯಾಂಟಲ್‌ಗೆ ಬೆಂಕಿ ಮುಟ್ಟಿಸಿದರೆ ಬುಸ್ಸೆಂದು ಸದ್ದು ಮಾಡುತ್ತಾ ಕೋಣೆ ತುಂಬ ಬೆಳ್ಳನೆ ಬೆಳಕು. ಆಗ ನಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಜನರೇಟರ್ ಇರಲಿಲ್ಲ. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಆಸ್ಪತ್ರೆಯವರು ಅಪ್ಪನನ್ನು ಗೊತ್ತು ಮಾಡಿಕೊಂಡಿದ್ದರು. ಕತ್ತಲಾಗುವ ಮುಂಚೆ ಅಪ್ಪ ಎರಡು ಗ್ಯಾಸ್‌ಲೈಟ್ ಹಿಡಿದುಕೊಂಡು ಹೋಗಿ, ಕಾರಿಡಾರಿನ ತುದಿಯ ಬೆಂಚಿನಲ್ಲಿ ಕೂರುತ್ತಿದ್ದರು. "ಎರಡು ಯಾಕಪ್ಪಾ, ಒಂದು ಸಾಲದಾ?" ಎಂದರೆ, "ಒಂದು ಕೈಕೊಟ್ರೆ ಹೆರೋ ತಾಯಿಗೆ ಸ್ವಲ್ಪ ತಡಿಯಮ್ಮ ಅನ್ನೋಕಾಗುತ್ತೇನೋ?" ಎನ್ನುತ್ತಿದ್ದರು. ಕರೆಂಟು ಹೋದ ಕೂಡಲೇ ಹೆರಿಗೆ ಕೋಣೆಯಿಂದ ಕೂಗು ಬರುತ್ತಿತ್ತು: "ನಿಬ್ರಾಸ್!" ದೊಡ್ಡ ಡಾಕ್ಟರಮ್ಮನಿಂದ ಹಿಡಿದು ಆಯಾವರೆಗೆ ಎಲ್ಲರೂ ಹಾಗೇ ಕೂಗುತ್ತಿದ್ದದ್ದು. ದೀಪ ತನ್ನಿ ಎಂದು ಯಾರೂ ಹೇಳುತ್ತಿರಲಿಲ್ಲ, ಆ ಒಂದು ಹೆಸರು ಕೂಗಿದರೆ ದೀಪ ಬಂದಂತೆಯೇ. ಅಪ್ಪ ಓಡಿಹೋಗಿ, ಪರದೆಯ ಆಚೆಯೇ ನಿಂತು, ಮುಖ ತಿರುಗಿಸಿಕೊಂಡು, ಹೊತ್ತಿಸಿದ ದೀಪವನ್ನು ಒಳಗೆ ಚಾಚುತ್ತಿದ್ದರು.

ಹಾಗೆ ಕೂಗುತ್ತಿದ್ದವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಹೊಸದಾಗಿ ಸೇರಿದ್ದ ಒಬ್ಬ ನರ್ಸ್‌ದು. ಅಪ್ಪ ಮನೆಗೆ ಬಂದು, "ಹುಡುಗಿ ಗಂಟಲು ಭರ್ಜರಿಯಾಗಿದೆ. ನಮ್ಮವನ ಕೂಗಾಟಕ್ಕೆ ಇವಳೇ ಸರಿ" ಎಂದರು. ಹೀಗೆ ನನ್ನ ಮದುವೆಯಾಯಿತು. ಆಮೇಲೂ ಆಕೆ ಮನೆಯಲ್ಲಿ "ಮಾವ" ಎಂದು ತಲೆ ತಗ್ಗಿಸಿ ಅನ್ನ ಬಡಿಸುವುದು, ಕರೆಂಟು ಹೋದರೆ ಆಸ್ಪತ್ರೆಯಲ್ಲಿ "ನಿಬ್ರಾಸ್!" ಎಂದು ಗೋಡೆ ಅದುರುವ ಹಾಗೆ ಕೂಗುವುದು. ಅಪ್ಪನಿಗೆ ಅದು ಬಹಳ ಖುಷಿಯ ವಿಷಯವಾಗಿತ್ತು. ಮಾವನನ್ನು ಹೆಸರು ಹಿಡಿದು ಕೂಗುವ ಸೊಸೆ ಲೋಕದಲ್ಲಿ ಇನ್ಯಾರಿಗಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಆಮೇಲೆ ಜನರೇಟರ್ ಬಂತು. ಗ್ಯಾಸ್‌ಲೈಟುಗಳು ಅಂಗಡಿಯ ಅಟ್ಟ ಸೇರಿದವು. ಅಪ್ಪ ಹೋದರು. ಅಂಗಡಿಯ ಬೋರ್ಡಿನಲ್ಲಿ ಅವರ ಹೆಸರು ಬಿಸಿಲಿಗೆ ಮಾಸುತ್ತಾ ಬಂತು. ಬಣ್ಣ ಹೊಡೆಸಿದೆ, ಆದರೆ ಬೋರ್ಡಿನ ಮೇಲಿನ ಹೆಸರನ್ನು ಯಾರೂ ಕೂಗುವುದಿಲ್ಲವಲ್ಲ. ಕೂಗದ ಹೆಸರು ಇದ್ದರೆಷ್ಟು, ಬಿಟ್ಟರೆಷ್ಟು? ನನ್ನ ಮಗ ಹುಟ್ಟಿದಾಗಲೇ ಅವನಿಗೆ ಇಡಬೇಕೆಂದಿದ್ದೆ. ಅಪ್ಪ ಬಿಡಲಿಲ್ಲ. "ನಾನಿನ್ನೂ ಗಟ್ಟಿಯಾಗಿದ್ದೀನಲ್ಲೋ. ಒಂದೇ ಹೆಸರು ಇಬ್ಬರಿಗಿಟ್ರೆ, ಕರೆದಾಗ ಇಬ್ಬರೂ ಎದ್ದು ಓಡಿ ಬರಬೇಕಾಗುತ್ತೆ" ಎಂದು ನಕ್ಕುಬಿಟ್ಟರು. ಹಾಗಾಗಿ ನಾನು ಮೊಮ್ಮಗನಿಗಾಗಿ ಕಾದೆ. ನನಗೆ ಬೇರೆ ಆಸೆ ಇರಲಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಮತ್ತೆ ಯಾರಾದರೂ ಜೋರಾಗಿ ಕೂಗಬೇಕು, ಒಬ್ಬ ಓಗೊಡಬೇಕು. ಅಷ್ಟೇ.

ಸೊಸೆ ಬಸುರಿಯಾದಳು. ಗಂಡಾದರೆ ಅದೇ ಹೆಸರು ಎಂದು ಅವಳೂ ಒಪ್ಪಿದಳು. ಒಂದು ಸಂಜೆ ಮಗ ಫೋನಿನಲ್ಲಿ ಹೆಸರುಗಳ ಯಾವುದೋ ಪುಟ ತೆಗೆದ. "ಅಪ್ಪಾ, ಇಲ್ಲಿ ಯಾವ ಹೆಸರು ಎಷ್ಟು ಜನಪ್ರಿಯ ಅಂತ ಪ್ರತಿಯೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ನಮ್ಮ ತಾತನ ಹೆಸರಿನ ಮುಂದೆ ನಂಬರೇ ಇಲ್ಲ, ಸುಮ್ನೆ ಒಂದು ಗೀಟು ಎಳೆದು ಬಿಟ್ಟಿದ್ದಾರೆ" ಎಂದ, ಪಾಪ, ನನಗೆ ನೋವಾಗುತ್ತದೇನೋ ಎಂದು ಮೆಲ್ಲಗೆ. ನಾನು ಕುಣಿದುಬಿಟ್ಟೆ. ಅಂಗಡಿ ಸಾಲಿಗೆಲ್ಲ ಚಹಾ ಕೊಡಿಸಿದೆ. "ಯಾಕಯ್ಯಾ, ಮೊಮ್ಮಗ ಹುಟ್ಟಿದ್ನಾ?" ಎಂದು ಟೈಲರು ಕೇಳಿದ. "ಇಲ್ಲ, ನಮ್ಮಪ್ಪನ ಹೆಸರು ಲೆಕ್ಕಕ್ಕೇ ಸಿಕ್ಕಿಲ್ಲ!" ಎಂದೆ. ಅವನು ತಲೆ ಚಚ್ಚಿಕೊಂಡು ಚಹಾ ಕುಡಿದ.

ಇಷ್ಟೆಲ್ಲ ಆದ ಮೇಲೆ, ಸೊಸೆಗೆ ಎಂಟು ತುಂಬುವ ಹೊತ್ತಿಗೆ, ಒಂದು ಮಧ್ಯಾಹ್ನ ನನ್ನ ಹೆಂಡತಿ ಡ್ಯೂಟಿ ಮುಗಿಸಿ ಬಂದು ಊಟಕ್ಕೆ ಕೂತವಳು, "ರೀ, ಒಂದು ವಿಷಯ ಹೇಳ್ತೀನಿ, ಕೂಗಾಡಬಾರದು" ಎಂದಳು. ಈ ಪೀಠಿಕೆ ಹಾಕಿ ಅವಳು ಹೇಳಿದ ಯಾವ ವಿಷಯಕ್ಕೂ ನಾನು ಕೂಗಾಡದೆ ಬಿಟ್ಟಿದ್ದಿಲ್ಲ.

"ಇವತ್ತು ಒಂದು ಹೆರಿಗೆ ಆಯ್ತು. ಬಸ್ ಡ್ರೈವರ್ ಹೆಂಡತಿ. ಮಗು ಅಳ್ಲಿಲ್ಲ. ನಾನು ಗಾಬರಿಯಲ್ಲಿ 'ನಿಬ್ರಾಸ್' ಅಂತ ಕೂಗಿಬಿಟ್ಟೆ. ಮಗು ಅತ್ತುಬಿಡ್ತು. ಈಗ ಆ ತಾಯಿ ಅದೇ ಹೆಸರು ಇಡ್ತೀನಿ ಅಂತ ಪಟ್ಟು ಹಿಡಿದಿದ್ದಾಳೆ. ನಾನು ಬೇಡ ಅನ್ನೋಕೆ ಹೋಗ್ಲಿಲ್ಲ. ಯಾಕಂದ್ರೆ..."

ಯಾಕಂದ್ರೆ ಎಂಬುದರ ಮುಂದಿನದನ್ನು ಕೇಳುವ ತಾಳ್ಮೆ ನನಗೆಲ್ಲಿ? "ಅಳದ ಮಗೂನ ಕರೆಯೋಕೆ ಚಿನ್ನ ಇಲ್ವಾ, ರಾಜ ಇಲ್ವಾ, ಕಂದ ಇಲ್ವಾ? ನಮ್ಮ ಮೊಮ್ಮಗನಿಗೆ ಅಂತ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನ ಯಾವನೋ ಡ್ರೈವರ್ ಮಗನಿಗೆ ದಾನ ಮಾಡಿ ಬಂದ್ಯಾ? ಕೊಡುಗೈ ದೊರೆಸಾನಿ!" ಎಂದು ತಟ್ಟೆ ಸರಿಸಿ ಎದ್ದೆ. ಸೊಸೆ ಕೋಣೆಯಿಂದ ಇಣುಕಿ ನೋಡಿ ಬಾಗಿಲು ಹಾಕಿಕೊಂಡಳು.

ಹೆಂಡತಿ ಬಗ್ಗಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ನಿಧಾನವಾಗಿ ಕಲಸಿದಳು. "ನಿಮ್ಮಪ್ಪನ ಹೆಸರು ತಾನೆ? ನಾಳೆ ನೀವೇ ಹೋಗಿ ಕೇಳಿ ಇಸ್ಕೊಂಡು ಬನ್ನಿ. ಕೂಸು ಇನ್ನೂ ಅಲ್ಲೇ ಇದೆ. ನಾನು ಅಡ್ಡ ಬರಲ್ಲ" ಎಂದಳು.

ಹೋಗದೇ ಬಿಡುತ್ತೇನೆಯೇ? ಮಾರನೇ ದಿನ ನೋಡಲು ಬಿಡುವ ಹೊತ್ತಿಗೆ ಸರಿಯಾಗಿ ಹೋದೆ. ಬರಿಗೈಯಲ್ಲಿ ಹೋಗಿ ಹೆಸರು ವಾಪಸ್ ಕೇಳುವುದು ಚೆನ್ನಾಗಿರುವುದಿಲ್ಲವೆಂದು ಒಂದು ಚೀಲ ಕಿತ್ತಳೆ ಕೊಂಡೆ. ಬದಲಿಗೆ ಕೊಡಲು ಹೆಸರೂ ಸಿದ್ಧವಿತ್ತು: ಸಿರಾಜ್. ಅದೂ ದೀಪವೇ, ಎಲ್ಲರಿಗೂ ಗೊತ್ತಿರುವ ಹೆಸರು, ಯಾರೂ ಎರಡನೇ ಸಲ ಕೇಳುವುದಿಲ್ಲ. ನನ್ನ ವಾದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಬಾಣಂತಿ ಒರಗಿಕೊಂಡಿದ್ದಳು, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಕಾಲ್ದೆಸೆಯಲ್ಲಿ ಖಾಕಿ ಅಂಗಿಯ ಡ್ರೈವರು ಫ್ಲಾಸ್ಕ್ ಹಿಡಿದು ನಿಂತಿದ್ದ. ಸ್ಟೂಲಿನ ಮೇಲೆ ಅವನ ತಾಯಿ, ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟು. ಗಂಟಿನೊಳಗಿಂದ ಒಂದು ಕೆಂಪು ಹಿಡಿ ಹೊರಗೆ ಬಂದಿತ್ತು. ಸಿಸ್ಟರ್ ಮನೆಯವರು ಎಂದು ಹೇಳಿಕೊಂಡೆ. ಡ್ರೈವರು ದಡಬಡಿಸಿ ಜಾಗ ಮಾಡಿಕೊಟ್ಟ. ಅವನ ತಾಯಿ ಮಾತ್ರ ಕಾದು ಕೂತಿದ್ದವರಂತೆ ನನ್ನನ್ನು ಹಿಡಿದುಕೊಂಡರು.

"ಒಳ್ಳೇ ಹೊತ್ತಿಗೆ ಬಂದ್ರಿ ಯಜಮಾನ್ರೇ. ನಿಮ್ಮ ಮನೆಯವರು ಅದೇನೋ ಒಂದು ಹೆಸರು ಕೂಗಿದ್ರಂತೆ. ಈ ಹುಡುಗಿ ಅದನ್ನೇ ಇಡ್ತೀನಿ ಅಂತ ಕೂತಿದ್ದಾಳೆ. ನನ್ನ ನಾಲಿಗೆಗೆ ಬರಲ್ಲ, ಅರ್ಥ ಗೊತ್ತಿಲ್ಲ. ಹುಟ್ಟಿದಾರಭ್ಯ ಕೇಳಿಲ್ಲ. ನೀವು ತಿಳಿದವರ ಹಾಗೆ ಕಾಣ್ತೀರಿ. ಅರ್ಥ ನೆಟ್ಟಗಿಲ್ಲದಿದ್ರೆ ಈಗಲೇ ಹೇಳಿಬಿಡಿ. ಬೇರೆ ಇಟ್ಟು ಬಿಡ್ತೀವಿ."

ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು! ನಾನು ಬೇಡುವುದೂ ಬೇಕಿಲ್ಲ, ಜಗಳವೂ ಬೇಕಿಲ್ಲ. ಈಟಿಯ ಮೊನೆ ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ, ನಿಘಂಟಿನಲ್ಲಿರುವ ಮಾತು. ಯಾವ ಅಜ್ಜಿ ಎಳೆಕೂಸಿಗೆ ಈಟಿಯ ಮೊನೆ ಎಂದು ಹೆಸರಿಡಲು ಒಪ್ಪುತ್ತಾಳೆ? ಆಮೇಲೆ ಸಿರಾಜ್ ಎಂದರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಅಪ್ಪನ ಹೆಸರು ಸಂಜೆಯೊಳಗೆ ಮನೆಗೆ ಬರುತ್ತದೆ. ನಾನು ಗಂಟಲು ಸರಿಮಾಡಿಕೊಂಡೆ.

"ಅತ್ತೆ, ಅರ್ಥ ಏನಾದ್ರೂ ಆಗಿರಲಿ" ಎಂದಳು ಬಾಣಂತಿ, ನನಗಿಂತ ಮುಂಚೆ. ದನಿ ಸಣ್ಣದು, ಹಟ ದೊಡ್ಡದು. "ನೀವು ಒಳಗಿರಲಿಲ್ಲ, ನಾನಿದ್ದೆ. ಅಂಕಲ್, ನೀವೇ ಕೇಳಿ. ಮಗು ಹುಟ್ತು, ಆದ್ರೆ ಸದ್ದೇ ಇಲ್ಲ. ಸಿಸ್ಟರ್ ಬೆನ್ನು ಉಜ್ತಾ ಇದ್ರು, 'ಅಳೋ ಚಿನ್ನ, ಅಳೋ ನನ್ನ ರಾಜಾ' ಅಂತಿದ್ರು. ಇವನು ಅಳ್ಲಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಯ್ತು. ಆ ಕೋಣೆಗೆ ಕಿಟಕಿ ಇಲ್ಲ, ಕಣ್ಣಿಗೆ ಕೈ ಕಾಣಲ್ಲ. ನನ್ನ ಕಥೆ ಮುಗೀತು ಅಂದ್ಕೊಂಡೆ. ಆಗ ಸಿಸ್ಟರ್ ಬಾಗಿಲ ಕಡೆ ತಿರುಗಿ ಒಂದೇ ಸಲ ಜೋರಾಗಿ ಕೂಗಿದ್ರು, 'ನಿಬ್ರಾಸ್!' ಅಂತ. ಕತ್ತಲಲ್ಲೂ ಗೊತ್ತಾಯ್ತು ನಂಗೆ, ದನಿ ಬಾಗಿಲ ಕಡೆಗೆ ಹೋಯ್ತು. ತಕ್ಷಣ ನನ್ನ ಮಗ ಅತ್ತ. ಲೈಟ್ ಬಂದಿದ್ದು ಆಮೇಲೆ. ಮೊದಲು ಇವನು ಬಂದ. ಆ ಹೆಸರು ಕರೆದದ್ದಕ್ಕೆ ಓಗೊಟ್ಟು ಬಂದವನು, ಅವನನ್ನ ಇನ್ನೊಂದು ಹೆಸರಲ್ಲಿ ಹೇಗೆ ಕರೀಲಿ?"

ಬಾಗಿಲ ಕಡೆಗೆ. ನಾನು ಆ ಮಾತಿನಲ್ಲೇ ನಿಂತುಬಿಟ್ಟೆ. ಕೈಯಲ್ಲಿರುವ ಮಗುವನ್ನು ಕರೆಯುವವರು ಬಾಗಿಲ ಕಡೆ ತಿರುಗಿ ಕೂಗುತ್ತಾರೆಯೇ? ಅವಳು ಈ ಕೂಸನ್ನು ಕರೆದಿರಲಿಲ್ಲ. ನನ್ನ ಮೊಮ್ಮಗನ ಹೆಸರನ್ನು ತೆಗೆದು ಯಾರಿಗೂ ಕೊಟ್ಟಿರಲಿಲ್ಲ. ಕರೆಂಟು ಹೋಗಿತ್ತು, ಹೆರಿಗೆ ಕೋಣೆ ಕತ್ತಲಾಗಿತ್ತು, ಅವಳು ಕಾರಿಡಾರಿನ ತುದಿಯ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಅಪ್ಪನನ್ನು ಕೂಗಿದ್ದಳು. ಜನರೇಟರ್ ಬಂದು ಎಷ್ಟು ಕಾಲವಾಯಿತು, ಅಪ್ಪ ಹೋಗಿ ಎಷ್ಟು ಕಾಲವಾಯಿತು, ಆ ಗಂಟಲು ಮಾತ್ರ ಮರೆತಿರಲಿಲ್ಲ. ನನಗೆ ಅಳು ಬಂತು. ಆಸ್ಪತ್ರೆಯ ನಡುಮಧ್ಯೆ, ಕಿತ್ತಳೆ ಚೀಲ ಹಿಡಿದುಕೊಂಡು, ಗೊಳೋ ಎಂದು ಅಳಬೇಕೆನಿಸಿತು. ತಡೆದುಕೊಂಡೆ.

"ಯಜಮಾನ್ರೇ, ಅರ್ಥ?" ಎಂದರು ಅಜ್ಜಿ, ಬಿಡದೆ.

"ದೀಪ" ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ನಾನು ನಿಲ್ಲಿಸುವವನೇ? ಡ್ರೈವರು ಕೊಟ್ಟ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ. ಹಡಗಿನ ಅಡುಗೆಯ ತಾತ, ಹೊಟ್ಟೆ ತುಂಬ ಉಂಡ ಮೇಷ್ಟ್ರು, ಪಕ್ಕದ ಹಳೆಯ ಭಾಷೆ. ಈಟಿಯ ಮೊನೆಯನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಈಟಿ ಎಂದ ಕೂಡಲೇ ಅಜ್ಜಿ ಹುಬ್ಬೇರಿಸಿ, "ಇರಲಿ, ಬಸ್ಸು ಓಡಿಸೋರ ಮನೇಲಿ ಸ್ವಲ್ಪ ಮೊನೆಯೂ ಬೇಕು" ಎಂದರು. ಆಮೇಲೆ ಇದೇ ಆಸ್ಪತ್ರೆಯ ಎರಡು ಗ್ಯಾಸ್‌ಲೈಟುಗಳ ಕಥೆ. ಪಕ್ಕದ ಮಂಚದವರು, ಅದರಾಚೆಯ ಮಂಚದವರು ಎಲ್ಲ ಇತ್ತ ತಿರುಗಿದ್ದರು. ಕಸ ಗುಡಿಸುತ್ತಿದ್ದ ಹಳೆಯ ಆಯಾ ಪೊರಕೆ ಹಿಡಿದೇ ನಿಂತು, "ಹೌದ್ರಮ್ಮ, ನಾನು ನೋಡಿದ್ದೀನಿ ಅವರನ್ನ. ದೀಪ ಕೊಡುವಾಗ ಒಂದು ದಿನ ಕಣ್ಣೆತ್ತಿ ಒಳಗೆ ನೋಡಿದವರಲ್ಲ" ಎಂದಳು.

ಬಾಣಂತಿ ನನ್ನನ್ನೇ ನೋಡುತ್ತಿದ್ದವಳು, "ಹಾಗಾದ್ರೆ ಇದು ನಿಮ್ಮ ಮನೆ ಹೆಸರಲ್ವಾ ಅಂಕಲ್? ನಿಮ್ಮ ಸೊಸೆಗೂ ದಿನ ತುಂಬ್ತಾ ಇದೆ ಅಂತ ಸಿಸ್ಟರ್ ಹೇಳಿದ್ರು. ನಾವು ತಗೊಂಡ್ರೆ ನಿಮಗೆ?" ಎಂದು ನಿಲ್ಲಿಸಿದಳು. ಅವಳ ಕೈ ಕೂಸಿನ ಕಡೆ ಹೋಗಿತ್ತು, ಯಾರೋ ಕಿತ್ತುಕೊಳ್ಳುತ್ತಾರೇನೋ ಎಂಬಂತೆ.

"ನಮ್ಮಪ್ಪ ಈ ಆಸ್ಪತ್ರೆಗೆ ಯಾವತ್ತೂ ಒಂದೇ ದೀಪ ತಂದವರಲ್ಲಮ್ಮ. ಎರಡು ತರ್ತಿದ್ರು. ಒಂದು ನಿಮ್ಮ ಮನೇಲಿರಲಿ" ಎಂದೆ. ಕೂಸಿನ ಕೆಂಪು ಹಿಡಿಯನ್ನು ಬೆರಳಿನಿಂದ ಮುಟ್ಟಿದೆ. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ, ಅಂಗಡಿ ಸಾಲಿಗೆಲ್ಲ ಚಹಾ ಕೊಡಿಸಿದ ದಿನವೂ ಆಗಿರಲಿಲ್ಲ.

ಕಾರಿಡಾರಿನಲ್ಲಿ ಹೆಂಡತಿ ಟ್ರೇ ಹಿಡಿದು ಬರುತ್ತಿದ್ದಳು. "ಸಿಕ್ಕಿತಾ ಹೆಸರು?" ಎಂದಳು.

"ಕತ್ತಲಾಗಿತ್ತು, ಅಪ್ಪನನ್ನ ಕೂಗಿದೆ ಅಂತ ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಿಟ್ರೆ ತಾನೆ? ಯಾಕಂದ್ರೆ ಅಂದೆ. ಅಷ್ಟರಲ್ಲಿ ನಿಮ್ಮ ಈಟಿ ಬಂತು." ಟ್ರೇಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಕೈಯಲ್ಲಿ ಮಗು, ಎದುರಿಗೆ ಕತ್ತಲೆ. ಜನರೇಟರ್ ಇದೆ ಅನ್ನೋದೇ ಮರ್ತುಹೋಯ್ತು ಕಣ್ರೀ. ಬಾಯಿಗೆ ಮಾವನೇ ಬಂದ್ರು" ಎಂದು ದನಿ ತಗ್ಗಿಸಿದಳು. ಅಷ್ಟು ದೊಡ್ಡ ಗಂಟಲಿನವಳು ದನಿ ತಗ್ಗಿಸಿದ್ದನ್ನು ನಾನು ಕಂಡದ್ದು ಬಹಳ ಅಪರೂಪ. ಬಾಣಂತಿಗೆ ಕೊಟ್ಟು ಉಳಿದಿದ್ದ ಕಿತ್ತಳೆಯೊಂದನ್ನು ಅವಳ ಟ್ರೇಯಲ್ಲಿಟ್ಟೆ. ನಮ್ಮಲ್ಲಿ ಕ್ಷಮೆ ಕೇಳುವುದು ಹಾಗೆಯೇ.

ಸೊಸೆಗೆ ಗಂಡುಮಗುವೇ ಹುಟ್ಟಿತು. "ಮಾವ, ಹೆಸರು?" ಎಂದು ಅವಳು ಅನುಮಾನದಿಂದ ಕೇಳಿದಳು. "ಅದೇ" ಎಂದೆ. ಅವಳ ಮುಖ ಅರಳಿತು.

ಕೂಸಿಗೆ ಚುಚ್ಚುಮದ್ದು ಹಾಕಿಸಲು ಹೋದ ದಿನ ಆಸ್ಪತ್ರೆಯ ಕಾರಿಡಾರು ತುಂಬಿತ್ತು. ಸೊಸೆ ಮಗುವನ್ನೆತ್ತಿಕೊಂಡು ಸಾಲಿನಲ್ಲಿ ಕೂತಳು. ನನಗೆ ತುದಿಯ ಬೆಂಚಿನಲ್ಲಿ ಜಾಗ ಸಿಕ್ಕಿತು, ಅಪ್ಪ ಕೂರುತ್ತಿದ್ದ ಜಾಗದಲ್ಲೇ. ಸ್ವಲ್ಪ ಆಚೆ ಪರಿಚಯದ ದನಿ ಕೇಳಿಸಿತು. ಡ್ರೈವರಿನ ತಾಯಿ ಯಾರೋ ಬಸುರಿ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಮ್ಮಗನ ಹೆಸರು ಹೇಳುತ್ತಿದ್ದರು. "ಏನಂದ್ರಿ?" ಎಂದಳು ಅವಳು. ನಾನು ಬಾಯಿ ತೆರೆದು, ಮುಚ್ಚಿಕೊಂಡೆ. ಅಜ್ಜಿ ಶುರುಮಾಡಿದರು: "ಅರಬ್ಬಿ ಹೆಸರು ಕಣಮ್ಮಾ, ದೀಪ ಅಂತ ಅರ್ಥ. ಒಬ್ಬರು ಹಡಗಲ್ಲಿ ಅಡುಗೆ ಮಾಡ್ತಿದ್ರು..." ನಾಲಿಗೆಗೆ ಬರಲ್ಲ ಎಂದಿದ್ದವರು ಒಂದಕ್ಷರ ಬಿಡದೆ ಹೇಳಿದರು. ಮೇಷ್ಟ್ರ ಊಟಕ್ಕೆ ನನಗಿಂತ ಎರಡು ಬಗೆ ಹೆಚ್ಚಾಗಿಯೇ ಬಡಿಸಿದರು. ಬಸುರಿ ಆ ಹೆಸರನ್ನು ತನ್ನಷ್ಟಕ್ಕೇ ಒಮ್ಮೆ ಹೇಳಿ ನೋಡಿಕೊಂಡಳು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಆ ಗಂಟಲು ಬಂತು, ಗೋಡೆ ಅದುರುವ ಹಾಗೆ: "ನಿಬ್ರಾಸ್!"

ಇಬ್ಬರು ತಾಯಂದಿರು ಒಟ್ಟಿಗೆ ಎದ್ದರು. ಒಬ್ಬಳು ನನ್ನ ಸೊಸೆ, ಇನ್ನೊಬ್ಬಳು ಡ್ರೈವರಿನ ಹೆಂಡತಿ. ಒಬ್ಬರನ್ನೊಬ್ಬರು ನೋಡಿ ನಕ್ಕರು, ನೀನು ಮೊದಲು ಹೋಗು, ನೀನು ಮೊದಲು ಹೋಗು ಎಂದು ಬಾಗಿಲಲ್ಲಿ ನಿಂತರು. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. ಅಪ್ಪ ಹೇಳಿದ್ದಂತೆಯೇ ಆಗಿತ್ತು, ಕರೆದಾಗ ಇಬ್ಬರೂ ಎದ್ದಿದ್ದರು. ಆಗ ನೋಡಿಕೊಂಡೆ, ತುದಿಯ ಬೆಂಚಿನಿಂದ ನಾನೂ ಎದ್ದು ನಿಂತಿದ್ದೆ.